ಏಳನೆಯ ತೊಲೆ

ಆ ಗ್ರಂಥಾಲಯದ ಓದುಕೋಣೆಯಲ್ಲಿ ಕೂತವರು ಸಾಮಾನ್ಯವಾಗಿ ತಲೆಯೆತ್ತುತ್ತಿರಲಿಲ್ಲ. ಎತ್ತಿದವರು ಎಣಿಸದೆ ಬಿಡುತ್ತಿರಲಿಲ್ಲ. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ, ಕೋಣೆಗೆ ಅಡ್ಡಲಾಗಿ, ದೊಡ್ಡದೊಂದು ಪ್ರಾಣಿಯ ಪಕ್ಕೆಲುಬುಗಳಂತೆ ಏಳು ತೊಲೆಗಳು. ಏಳೂ ಸಮದೂರ. ಮೇಲೆ ಬಣ್ಣವಿಲ್ಲ, ಗಾರೆಯ ನುಣುಪಿಲ್ಲ; ಕಾಂಕ್ರೀಟು ಸುರಿಯುವಾಗ ಕಟ್ಟಿದ್ದ ಹಲಗೆಗಳ ಗೆರೆ, ಗಂಟು ಎಲ್ಲ ಹಾಗೆಯೇ ಅಚ್ಚಾಗಿ ಉಳಿದ ಬೂದು ಮೈ.

ಅದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಮೂವತ್ತೆಂಟು ವರ್ಷಗಳ ಹಿಂದೆ, ಉದ್ಘಾಟನೆಯ ದಿನ, ಒಂದೇ ವಾಕ್ಯದ ಭಾಷಣ ಮಾಡಿದ್ದರು. "ಈ ಕೋಣೆಯಲ್ಲಿ ಏನನ್ನೂ ಹೊರದೆ ಸುಮ್ಮನೆ ನಿಂತಿರುವುದು ಒಂದೂ ಇಲ್ಲ." ಅಷ್ಟು ಹೇಳಿ ಕೂತುಬಿಟ್ಟರು. ಭಾಷಣ ಮುಗಿಯಿತೋ ಗಂಟಲು ಕಟ್ಟಿತೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ವಲ್ಪ ತಡವಾಗಿ ಚಪ್ಪಾಳೆ ತಟ್ಟಿದರು. ಆ ವಾಕ್ಯ ಮುಂದೆ ಕಟ್ಟಡ ಕಲಿಯುವ ಮಕ್ಕಳ ಪಠ್ಯಪುಸ್ತಕ ಸೇರಿತು. ಏಳು ತೊಲೆಗಳ ಫೋಟೋ ಮೇಲೆ, ವಾಕ್ಯ ಕೆಳಗೆ. ಕೂಲಿಯವರು ಮಾತ್ರ ಅವರನ್ನು ಮೊದಲಿನಿಂದಲೂ ರೂಲುದೊಣ್ಣೆ ಎಂದೇ ಕರೆಯುತ್ತಿದ್ದರು. ಬಗ್ಗಿಸಲು ಹೋದವರಿಗೇ ಪೆಟ್ಟು ಎಂದು ಅರ್ಥ.

ರೂಲುದೊಣ್ಣೆಯವರಿಗೆ ಒಬ್ಬಳೇ ಮಗಳು. ಅವಳು ಹುಟ್ಟಿ ಬೆಳೆದದ್ದು ಅವರೇ ಕಟ್ಟಿದ ಬಿಳಿ ಮನೆಯಲ್ಲಿ. ಸಕ್ಕರೆಯ ಚೌಕಗಳನ್ನು ಒಂದರ ಮೇಲೊಂದು ಇಟ್ಟಂಥ ಮನೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಕಿಟಕಿಗೆ ಪರದೆಯಿಲ್ಲ, ಮೇಜಿನ ಮೇಲೆ ಹೂದಾನಿಯಿಲ್ಲ. ಹಜಾರದಲ್ಲಿ ಒಂದೇ ಒಂದು ಚಿತ್ರ: ಬಿಳಿಯ ಮೇಲೆ ಬೂದು ಚೌಕ. ಮನೆಗೆ ಬಂದ ನೆಂಟರು ಅದನ್ನು ನೋಡಿ, "ಚಿತ್ರ ಇನ್ನೂ ಬರೀಬೇಕಾ?" ಎಂದು ಕೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ತಾಯಿ ಅವಳಿಗೆ ಎರಡು ವರ್ಷವಿದ್ದಾಗಲೇ ತೀರಿಕೊಂಡಿದ್ದರಿಂದ ಉತ್ತರ ಕೊಡುವ ಕೆಲಸ ಅಜ್ಜಿಗೆ, ಎಂದರೆ ಅಪ್ಪನ ತಾಯಿಗೆ, ಬಿದ್ದಿತ್ತು. "ಅದು ಕಿಟಕಿ. ಆಚೆ ಕಡೆ ಮೋಡ," ಎನ್ನುತ್ತಿದ್ದಳು ಅಜ್ಜಿ, ಮುಖದ ಒಂದು ಗೆರೆಯೂ ಅಲುಗದಂತೆ.

ಅಜ್ಜಿಯ ಕೋಣೆಯಲ್ಲಿ ಒಂದು ಬೀರು ಇತ್ತು. ಹೊರಗಿನಿಂದ ನೋಡಿದರೆ ಅದೂ ಬಿಳಿ ಚೌಕವೇ. ಬಾಗಿಲು ತೆಗೆದರೆ ಒಳಮೈಯಲ್ಲಿ ಹಳೆಯ ಕ್ಯಾಲೆಂಡರಿನ ಚಿತ್ರಗಳು, ಬಿಸ್ಕತ್ತು ಡಬ್ಬಿಯ ಮುಚ್ಚಳ, ಹರಿದ ಸೀರೆಯ ಅಂಚು, ಒಂದು ರೈಲಿನ ಜಾಹೀರಾತು, ಯಾರದೋ ಮದುವೆ ಕರೆಯೋಲೆಯ ಚಿನ್ನದ ಬಣ್ಣದ ಬಳ್ಳಿ. ಮಗ ಕೆಲಸಕ್ಕೆ ಹೊರಟ ಮೇಲೆ ಬೀರುವಿನ ಬಾಗಿಲು ತೆರೆಯುತ್ತಿತ್ತು. ಅದರ ಮುಂದೆ ಕೂತು ಅಜ್ಜಿ ಕಥೆ ಹೇಳುತ್ತಿದ್ದಳು. ಕಥೆಗೆ ರೈಲು ಬೇಕಾದರೆ ಜಾಹೀರಾತಿನಿಂದ ಬರುತ್ತಿತ್ತು, ರಾಜಕುಮಾರಿ ಬೇಕಾದರೆ ಬಿಸ್ಕತ್ತಿನ ಡಬ್ಬಿಯಿಂದ ಇಳಿಯುತ್ತಿದ್ದಳು.

ಮೊಮ್ಮಗಳನ್ನು ಅಜ್ಜಿ ಗುಬ್ಬಿ ಎಂದು ಕರೆಯುತ್ತಿದ್ದಳು. ಅದಕ್ಕೇ ಗುಬ್ಬಿಯ ಕಥೆ ತನ್ನದೇ ಎಂದು ಹುಡುಗಿ ನಂಬಿದ್ದಳು. ಒಬ್ಬ ಅರಸ ನುಣ್ಣನೆಯ ಅರಮನೆ ಕಟ್ಟಿಸಿದನಂತೆ. ಕೈಯಾಡಿಸಿದರೆ ಜಾರುವಷ್ಟು ನುಣ್ಣಗೆ. ಒಂದು ಗುಬ್ಬಿ ಒಳಗೆ ಬಂತು. ಹಾರಿತು, ಹಾರಿತು, ಕೂರಲು ಜಾಗವೇ ಇಲ್ಲ. "ಅರಸಾ ಅರಸಾ, ನಾನೆಲ್ಲಿ ಕೂರಲಿ?" ಎಂದು ಕೇಳಿತು. ಅರಸ ಅರಮನೆ ಎಷ್ಟು ಗಟ್ಟಿ ಎಂದು ಮೂರು ದಿನ ವಿವರಿಸಿದ. ಗುಬ್ಬಿ ಮೂರು ದಿನವೂ ಹಾರುತ್ತಲೇ ಕೇಳಿತು. ನಾಲ್ಕನೆಯ ದಿನ ಅರಸ ಯಾರೂ ಕಾಣದಂತೆ ಗೋಡೆಗೆ ಒಂದು ಕಡ್ಡಿ ಸಿಕ್ಕಿಸಿದ.

"ಆ ಕಡ್ಡಿ ಅರಮನೇನ ಹೊರ್ತಿತ್ತಾ ಅಜ್ಜಿ?" ಹುಡುಗಿ ಕೇಳುತ್ತಿದ್ದಳು. ಹೊರುವುದು, ಹೊರದಿರುವುದು ಆ ಮನೆಯ ಮಕ್ಕಳಿಗೆ ಬೇಗ ತಿಳಿಯುವ ವಿಷಯ.

"ಅರಮನೇನ ಹೊರ್ತಿರ್ಲಿಲ್ಲ ಕಣೇ. ಗುಬ್ಬೀನ ಹೊರ್ತಿತ್ತು."

ಹೀಗೆ ಬೆಳೆದ ಮಗಳು ಮುಂದೆ ತಾನೂ ಕಟ್ಟಡದ ಕೆಲಸವನ್ನೇ ಕಲಿತಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಅಪ್ಪ ಕಿತ್ತು ಹಾಕಿದ್ದನ್ನೆಲ್ಲ ಮಗಳು ಹೆಕ್ಕಿ ತಂದಳು. ಅವಳು ಸೇರಿದ ಕಂಪನಿ ಅಂಗಡಿಸಾಲು, ಚಿತ್ರಮಂದಿರ, ಸಭಾಂಗಣಗಳಿಗೆ ಮುಖ ಹಚ್ಚುವುದರಲ್ಲಿ ಹೆಸರಾದದ್ದು. ಹಿಂದೆ ಬರೀ ಡಬ್ಬಿ. ಮುಂದೆ ಕಮಾನು, ಗೋಪುರ, ಗುಂಡು ಕಿಟಕಿ, ಮೂರು ಶತಮಾನದ ಮೂರು ಬಗೆಯ ಕಂಬ. ಅಪ್ಪನ ಕಾಲದವರಿಗೆ ಜಗತ್ತು ಒಡೆದುಹೋಗಿದೆ ಎಂಬುದು ದೊಡ್ಡ ದುಃಖ. ಒಂದು ನೇರ ಗೆರೆ ಸಿಕ್ಕರೆ ಅದನ್ನು ಮತ್ತೆ ನಿಲ್ಲಿಸಬಹುದೆಂದು ಅವರು ಚಿತ್ರದಲ್ಲಿ, ಕಾದಂಬರಿಯಲ್ಲಿ, ಮನೆಯಲ್ಲಿ ಬೇಡದ್ದನ್ನೆಲ್ಲ ಕೆರೆದು ಕೆರೆದು ತೆಗೆದರು. ಮಗಳ ಕಾಲದವರಿಗೆ ಅದೇ ಒಡೆದ ಚೂರುಗಳು ಆಟದ ಸಾಮಾನು.

ಊಟದ ಮೇಜಿನಲ್ಲಿ ಇದೇ ಜಗಳ.

"ಆ ಪುಸ್ತಕ ಏನದು? ಕಥೆ ಮಧ್ಯೆ ಬರೆದವನೇ ಬಂದು ಓದೋನ ಹತ್ರ ಬೆಂಕಿಪೊಟ್ಟಣ ಕೇಳ್ತಾನೆ!" ಎನ್ನುವರು ಅಪ್ಪ.

"ನಿಮ್ಮ ಪುಸ್ತಕದಲ್ಲಿ ಒಬ್ಬ ಮೆಟ್ಟಿಲು ಹತ್ತೋಕೆ ನಲವತ್ತು ಪುಟ ತಗೋತಾನೆ. ಅವನಿಗಿಂತ ಇವನು ವಾಸಿ," ಎನ್ನುವಳು ಮಗಳು.

ಇಬ್ಬರ ನಡುವೆ ಕೂತ ಅಜ್ಜಿ ತೀರ್ಪು ಕೊಡುತ್ತಿದ್ದಳು. "ಅವನು ಉಪ್ಪೇ ಹಾಕಲ್ಲ. ನೀನು ಉಪ್ಪು ಮಾತ್ರ ಹಾಕ್ತೀಯ. ನನಗೆ ವಯಸ್ಸಾಯ್ತು, ಇಬ್ಬರ ಅಡುಗೇನೂ ಉಣ್ಣಬೇಕು."

ಅಜ್ಜಿ ತೀರಿಕೊಂಡ ಮೇಲೆ ತೀರ್ಪು ಕೊಡುವವರಿಲ್ಲದೆ ಜಗಳ ಉದ್ದವಾಯಿತು. ಅದು ನಿಂತದ್ದು ಮೂರು ವರ್ಷಗಳ ಹಿಂದೆ. ಮಗಳು ಮೊದಲ ಬಾರಿ ಮುಖ್ಯ ಕೈಯಾಗಿ ಒಂದು ಅಂಗಡಿಸಾಲಿನ ಮುಖ ಮುಗಿಸಿದ್ದಳು. ಅಪ್ಪ ಕರೆಯದೆಯೇ ನೋಡಲು ಬಂದರು. ಬಾಗಿಲ ಬಳಿಯ ದಪ್ಪನೆಯ ಕಂಬದ ಮುಂದೆ ನಿಂತು, ಮಡಿಸಿದ ಬೆರಳಿನಿಂದ ಎರಡು ಸಲ ಬಡಿದರು. ಡಬ್, ಡಬ್. "ಟೊಳ್ಳು," ಎಂದರು. ಅವಳ ಯಜಮಾನರು, ಜೊತೆ ಕೆಲಸದವರು, ಗಾಜು ಒರೆಸುತ್ತಿದ್ದವನು ಎಲ್ಲರೂ ಕೇಳಿಸಿಕೊಂಡರು. ಅಪ್ಪ ಬಂದ ದಾರಿಯಲ್ಲೇ ಹೊರಟುಹೋದರು. ಅಂದಿನಿಂದ ಬಿಳಿ ಮನೆಯಲ್ಲಿ ಮಾತೆಂದರೆ ಪೇಪರು, ಮಾತ್ರೆ, ಗ್ಯಾಸು. ಒಂದು ದಿನ ಆ ಮಾತನ್ನು ಅವರಿಗೇ ಹಿಂದಿರುಗಿಸಬೇಕು ಎಂದು ಮಗಳು ಕಾದಿದ್ದಳು. ಹೇಗೆ ಎಂದು ಗೊತ್ತಿರಲಿಲ್ಲ, ಅಷ್ಟೆ.

ಹೀಗಿರುವಾಗ ಗ್ರಂಥಾಲಯದ ಕೆಲಸ ಬಂತು.

ಓದುಗರು ಕಡಿಮೆಯಾಗಿದ್ದಾರೆ, ಮಕ್ಕಳಂತೂ ಬರುವುದೇ ಇಲ್ಲ, ಕಟ್ಟಡ ನೋಡಿದರೆ ಆಸ್ಪತ್ರೆ ನೆನಪಾಗುತ್ತದೆ ಎಂದು ಸಮಿತಿಯವರಿಗೆ ಅನಿಸಿತ್ತು. ಕಂಪನಿಯ ಯಜಮಾನರು ಕೆಲಸವನ್ನು ಮಗಳಿಗೇ ಒಪ್ಪಿಸಿದರು. ಇಡೀ ನಕ್ಷೆ ಅವಳ ಹೆಸರಿನಲ್ಲಿ ಹೊರಡುವುದು ಇದೇ ಮೊದಲು. ಅವಳು ಮುಂಬಾಗಿಲಿಗೆ ಹಳದಿ ಕಮಾನು ಬರೆದಳು, ಗುಂಡು ಕಿಟಕಿ ಬರೆದಳು. ಆದರೆ ಅವಳ ಮನಸ್ಸಿದ್ದದ್ದು ಓದುಕೋಣೆಯ ಕೊನೆಯಲ್ಲಿ. ಅಲ್ಲಿ, ಆರನೆಯ ಮತ್ತು ಏಳನೆಯ ತೊಲೆಗಳಿಂದ ಕಬ್ಬಿಣದ ಸರಳು ಇಳಿಬಿಟ್ಟು, ಮಕ್ಕಳಿಗೊಂದು ತೂಗು ಅಟ್ಟ. ಕೆಳಗೆ ಒಂದು ಕಾಲೂ ಇಲ್ಲ. ಅಜ್ಜಿಯ ಕಥೆಯ ಹಾರುವ ಮಂಚದಂತೆ ಗಾಳಿಯಲ್ಲಿ ನಿಂತ ಅಟ್ಟ. ಅದರ ಮೇಲೆ ಇಪ್ಪತ್ತು ಮಕ್ಕಳು, ಪುಸ್ತಕ, ದಿಂಬು. ಈ ಚಿತ್ರ ನೋಡಿಯೇ ಸಮಿತಿಯವರು ಒಪ್ಪಿದ್ದು.

ತೊಲೆಗಳು ಆ ಭಾರ ತಡೆಯುತ್ತವೆಯೇ ಎಂದು ಅವಳು ಪರೀಕ್ಷಿಸಲಿಲ್ಲ. ಬೇರೆ ಯಾರೇ ಆಗಿದ್ದರೂ ಪರೀಕ್ಷಿಸುತ್ತಿದ್ದರು. ಆದರೆ ಅವಳು ರೂಲುದೊಣ್ಣೆಯ ಮಗಳು. ಅಪ್ಪನ ಮೇಲೆ ಎಷ್ಟೇ ಸಿಟ್ಟಿದ್ದರೂ, ಅಪ್ಪನ ತೊಲೆ ಹೊರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನ ಬರುವುದು ಸಾಧ್ಯವಿರಲಿಲ್ಲ.

ಹಳೆಯ ಸಾರ್ವಜನಿಕ ಕಟ್ಟಡಕ್ಕೆ ಹೊಸ ಭಾರ ಸೇರಿಸುವುದಾದರೆ ಮೂಲ ವಿನ್ಯಾಸ ಮಾಡಿದವರ ಒಪ್ಪಿಗೆ ಸಹಿ, ಅದು ಸಿಗದಿದ್ದರೆ ಕೆಲಸ ಹಿಡಿದ ಕಂಪನಿಯ ಇಂಜಿನಿಯರ್ ಸಹಿ, ಬೇಕೆಂಬ ನಿಯಮವಿತ್ತು. ಸೋಮವಾರ ಕೊನೆಯ ದಿನ. ಶನಿವಾರ ಬೆಳಿಗ್ಗೆ ಅವಳು ನಕ್ಷೆಗಳ ಸುರುಳಿ ಹಿಡಿದು ಅಪ್ಪನ ಕೋಣೆಗೆ ಹೋದಳು.

ಅಪ್ಪ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ನೋಡಿದರು.

"ಈ ಕಮಾನು ಯಾವ ಕಾಲದ್ದು?"

"ಎಲ್ಲಾ ಕಾಲದ್ದೂ."

"ಅಂದ್ರೆ ಯಾವ ಕಾಲದ್ದೂ ಅಲ್ಲ."

"ಹಾಗೂ ಅನ್ಬಹುದು ಅಪ್ಪ. ಸಹಿ ಅದಕ್ಕಲ್ಲ, ಒಳಗಿನ ಅಟ್ಟಕ್ಕೆ."

ಅವರು ಎರಡನೆಯ ಹಾಳೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಕಮಾನಿನ ಮೇಲೆ ಸಿಡಿದಂತೆ ಇದರ ಮೇಲೆ ಸಿಡಿಯಲಿಲ್ಲ. ಬೆರಳು ಏಳನೆಯ ತೊಲೆಯ ಮೇಲೆ ನಿಂತಿತ್ತು.

"ಚೆನ್ನಾಗಿದೆ," ಎಂದರು. ಮಗಳು ಬೆಚ್ಚಿದಳು. "ಆದ್ರೆ ಇಲ್ಲಿ ಬೇಡ. ಒಂದರಿಂದ ಆರರವರೆಗೆ ಎಲ್ಲಿ ಬೇಕಾದ್ರೂ ನೇತು ಹಾಕು. ಏಳನೇದನ್ನ ಮುಟ್ಟಬೇಡ."

"ಯಾಕೆ?"

"ಬೇಡ ಅಂದ್ನಲ್ಲ."

"ಕಿಟಕಿ ಇರೋದು ಅಲ್ಲೇ ಅಪ್ಪ. ಬೆಳಕು ಬರೋದು ಅಲ್ಲೇ. ಮೂಲ ನಕ್ಷೆ ಕೊಡಿ, ಲೆಕ್ಕ ಹಾಕಿ ನೋಡೋಣ."

"ಗೆದ್ದಲು ತಿಂದಿದೆ."

ಕಾಂಕ್ರೀಟಿನ ಬಗ್ಗೆ ಮಾತು ಬಂದಾಗ ಅಪ್ಪ ಎಂದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟವರಲ್ಲ. ಇದು ಹಳೆಯ ಹಟ, ತನ್ನ ಹೆಸರಿನ ಮೊದಲ ಕೆಲಸಕ್ಕೆ ಬೇಕೆಂದೇ ಕಲ್ಲು ಹಾಕುತ್ತಿದ್ದಾರೆ ಎಂದುಕೊಂಡಳು ಮಗಳು. ಅವಳಿಗೂ ದನಿ ಏರಿತು.

"ನೀವು ಸಹಿ ಹಾಕದಿದ್ರೆ ಕೆಲಸ ನಿಲ್ಲಲ್ಲ. ನಮ್ಮ ಕಂಪನಿ ಇಂಜಿನಿಯರ್ ಫೋಟೋ ನೋಡಿ ಹಾಕ್ತಾರಂತೆ. ಪಠ್ಯಪುಸ್ತಕದಲ್ಲೇ ಇದೆಯಲ್ಲ, ಏಳೂ ಹೊರತ್ತೆ ಅಂತ."

ಅಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಯಾರೂ ಹಾಕೋ ಹಾಗಿಲ್ಲ! ಯಾರೂ!" ಎಂದರು. ಬಿದ್ದ ಕುರ್ಚಿಯನ್ನು ತಾವೇ ಎತ್ತಿ, ಮೇಜಿಗೆ ಸರಿಯಾಗಿ ನೇರ ಮಾಡಿ ನಿಲ್ಲಿಸಿ, ಹೊರಗೆ ನಡೆದರು.

ಮಗಳು ಅಲ್ಲೇ ನಿಂತಿದ್ದಳು. ಸಿಟ್ಟು ಅವಳಿಗೆ ಪರಿಚಯವಿತ್ತು. ಅಪ್ಪನ ಸಿಟ್ಟು ತಣ್ಣಗಿರುತ್ತದೆ. ಇದು ಸಿಟ್ಟಲ್ಲ, ಹೆದರಿಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹೆದರಿಕೆ.

ಭಾನುವಾರ ಗ್ರಂಥಾಲಯಕ್ಕೆ ರಜೆ. ಗ್ರಂಥಪಾಲಕಿ ಬೀಗದ ಕೈ ಕುಣಿಸುತ್ತ ಬಂದು ಬಾಗಿಲು ತೆಗೆದರು. ನಿವೃತ್ತಿಗೆ ಆರು ತಿಂಗಳಿದ್ದ ಹೆಂಗಸು. ಧೂಳಿಗೆ ಸೀನುವುದೂ ಸಂಬಳದ ಒಂದು ಭಾಗ ಎಂದು ನಂಬಿದ್ದವರು.

"ಏಣಿ ಕೊಡ್ತೀನಿ, ಹಿಡ್ಕೊಳ್ಳೋದೂ ನಾನೇ. ಬಿದ್ರೆ ಮಾತ್ರ ನಾನಲ್ಲ," ಎಂದರು.

ಮಗಳು ಒಂದು ಪುಟ್ಟ ಸುತ್ತಿಗೆ ಹಿಡಿದು ಮೊದಲನೆಯ ತೊಲೆಯ ಕೆಳಗೆ ಏಣಿ ಹತ್ತಿದಳು. ಟಕ್. ಕೈಗೆ ಪೆಟ್ಟು ವಾಪಸು ಬಂತು. ಇಳಿದಳು, ಏಣಿ ಸರಿಸಿದಳು, ಹತ್ತಿದಳು. ಟಕ್. ಮೂರನೆಯದು ಟಕ್. ಆರನೆಯದು ಮುಗಿಯುವಷ್ಟರಲ್ಲಿ ಗ್ರಂಥಪಾಲಕಿ, "ಎಲ್ಲಾ ಒಂದೇ ರಾಗ. ಸಾಕಲ್ವಾ ಅಮ್ಮಾ?" ಎಂದರು. ಏಳನೆಯದಕ್ಕೆ ಹತ್ತಿದಳು.

ಡಬ್.

ಇನ್ನೊಮ್ಮೆ ಬಡಿದಳು. ಡಬ್, ಡಬ್. ಈ ತುದಿಯಿಂದ ಆ ತುದಿಯವರೆಗೆ ಏಣಿ ಎಳೆದಾಡಿ ನಾಲ್ಕು ಕಡೆ ಬಡಿದಳು. ಎಲ್ಲ ಕಡೆಯೂ ಖಾಲಿ ಪೆಟ್ಟಿಗೆಯ ಸದ್ದು. ಗೋಡೆಗೆ ಸೇರುವ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಾರೆ ಉದುರಿದ ಜಾಗವಿತ್ತು. ಟಾರ್ಚು ಬಿಟ್ಟು ನೋಡಿದಳು. ಒಳಗೆ ತಂತಿಯ ಜಾಲರಿ, ಮರದ ಪಟ್ಟಿ, ಕತ್ತಲೆ.

ಅವಳಿಗೆ ಮೊದಲು ಬಂದದ್ದು ನಗು. ಏಣಿಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೆಳಗೆ ಏಣಿ ಹಿಡಿದ ಗ್ರಂಥಪಾಲಕಿ, "ಏನಮ್ಮಾ, ಇಲಿ ಇದೆಯಾ?" ಎಂದು ಎರಡು ಸಲ ಕೇಳಿದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ! ಮೂವತ್ತೆಂಟು ವರ್ಷ, ಎಷ್ಟೋ ಸಾವಿರ ವಿದ್ಯಾರ್ಥಿಗಳು ತಲೆಯೆತ್ತಿ ಬರೆದುಕೊಂಡ ಏಳರಲ್ಲಿ ಒಂದು, ಅವಳ ಅಂಗಡಿಸಾಲಿನ ಕಂಬಕ್ಕಿಂತ ಹೆಚ್ಚೇನಲ್ಲ. ಆ ಕಂಬ ನಾನು ಕಂಬವಲ್ಲ ಎಂದು ಬಣ್ಣ ಬಳಿದುಕೊಂಡಾದರೂ ಹೇಳುತ್ತಿತ್ತು. ಇದು ಹಲಗೆಯ ಗಂಟಿನ ಅಚ್ಚನ್ನೂ ಒತ್ತಿಕೊಂಡು ಸಾಚಾ ಎಂದು ನಿಂತಿತ್ತು. ಅವಳು ಫೋಟೋ ತೆಗೆದಳು. ಒಂದಲ್ಲ, ಹನ್ನೊಂದು.

ಆಮೇಲೆ ನಗು ನಿಂತಿತು. ಆ ಕಬ್ಬಿಣದ ಸರಳುಗಳನ್ನು ತಾನು ಬರೆದದ್ದು ಈ ಪೆಟ್ಟಿಗೆಗೆ. ಇಪ್ಪತ್ತು ಮಕ್ಕಳು, ಪುಸ್ತಕ, ದಿಂಬು. ಅವಳು ಏಣಿಯ ಎರಡೂ ಬದಿಯನ್ನು ಹಿಡಿದುಕೊಂಡು ಮೆಲ್ಲಗೆ ಇಳಿದಳು.

ಈ ಕಟ್ಟಡ ಕಟ್ಟಿದ ಮೇಸ್ತ್ರಿ ಇನ್ನೂ ಬದುಕಿದ್ದರು. ಎರಡು ಬೀದಿ ದಾಟಿದರೆ ಅವರ ಮನೆ. ಮಧ್ಯಾಹ್ನದ ಬಿಸಿಲಿಗೆ ಬಾಗಿಲಲ್ಲಿ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಅವಳ ಕೈಯ ಸುತ್ತಿಗೆಯನ್ನೂ, ಕೂದಲ ಮೇಲಿನ ಗಾರೆಯ ಧೂಳನ್ನೂ ನೋಡಿದರು.

"ಬಡಿದು ನೋಡಿದ್ಯಾ ತಾಯಿ?" ಎಂದರು. "ಬಾ, ಕೂತ್ಕೋ. ನಾನು ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಆದ್ರೆ ಬೀಮೇ ಬಾಯಿ ಬಿಟ್ಟ ಮೇಲೆ ನಂದೇನು."

ಅವರು ಹೇಳಿದ್ದು ಇಷ್ಟು. ಮೂಲ ನಕ್ಷೆಯಲ್ಲಿ ಇದ್ದದ್ದು ಆರೇ ತೊಲೆ. ಆರನೆಯದರಿಂದ ಹಿಂದಿನ ಗೋಡೆಯವರೆಗೆ, ಉಳಿದ ಅಂತರಗಳ ಎರಡರಷ್ಟು ಅಗಲಕ್ಕೆ, ಮೇಲೆ ಏನೂ ಕಾಣದಂತೆ ಬರೀ ಸಪಾಟು ಚಾವಣಿ. ಅದರ ಬಲವೆಲ್ಲ ಒಳಗೇ ಅಡಗಿತ್ತು, ದಪ್ಪದಲ್ಲಿ, ಕಬ್ಬಿಣದಲ್ಲಿ.

"ಆಗ ಅಂಥದ್ದನ್ನ ಯಾರೂ ಮಾಡಿರ್ಲಿಲ್ಲ. ಚಾವಣಿ ಕೆಳಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚೋ ದಿನ ನಾವೆಲ್ಲ ಹೊರಗೆ ಓಡಿ ನಿಂತ್ವಿ. ನಿಮ್ಮಪ್ಪ ಒಬ್ರೇ ಅದರ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಪೇಪರ್ ಓದ್ತಾ. ಗಟ್ಟಿ ಇತ್ತು ತಾಯಿ. ಇವತ್ತಿಗೂ ಗಟ್ಟಿ ಇದೆ. ಆ ಜಾಗ ಅವರು ಮಾಡಿದ್ದು ಅವರಮ್ಮನಿಗೆ ಅಂತ. ನಿಮ್ಮಜ್ಜಿ ನಲವತ್ತು ದಾಟಿದ ಮೇಲೆ ಅಕ್ಷರ ಕಲಿತೋರು, ಮಗನ ಹತ್ರಾನೇ. ಕಿಟಕಿ ಹತ್ರ ಬೆಳಕಲ್ಲಿ ಕೂತು ಓದ್ಲಿ ಅಂತ."

ಉದ್ಘಾಟನೆಗೆ ಮೊದಲೇ ಅಜ್ಜಿ ನೋಡಲು ಬಂದಳಂತೆ. ಆರನೆಯ ತೊಲೆಯವರೆಗೆ ನಡೆದು ಅಲ್ಲೇ ನಿಂತಳು. ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲವಲ್ಲೋ ಎಂದಳು. ಮಗ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ಗಂಟೆ ವಿವರಿಸಿದರು. ಅಜ್ಜಿ ಎಲ್ಲವನ್ನೂ ಕೇಳಿದಳು. ಆಮೇಲೆ ಹೇಳಿದಳಂತೆ: "ನೀನು ಹೇಳೋದು ಸರಿ ಮಗಾ. ನನ್ನ ತಲೆಗೆ ಗೊತ್ತಾಯ್ತು. ಕುತ್ತಿಗೆಗೆ ಗೊತ್ತಾಗ್ತಿಲ್ಲ." ಹೊರಗೆ ಹೋಗಿ ಮೆಟ್ಟಿಲ ಮೇಲೆ, ಬಿಸಿಲಲ್ಲಿ ಕೂತು ಪುಸ್ತಕ ತೆರೆದಳು.

"ಮೂರು ದಿನ ನಿಮ್ಮಪ್ಪ ಯಾರ ಹತ್ರಾನೂ ಮಾತಾಡ್ಲಿಲ್ಲ. ನಾಲ್ಕನೇ ದಿನ ನನ್ನೊಬ್ಬನನ್ನೇ ಕರೆದ್ರು. ಮರದ ಚೌಕಟ್ಟು, ಜಾಲರಿ, ಮೇಲೆ ಗಾರೆ. ಹಲಗೆ ಒತ್ತಿ ಅಚ್ಚು ತೆಗೆದೆ, ನಾನೇ ಗುರುತು ಹಿಡೀದ ಹಾಗೆ. ಕೇಳ್ದೆ, 'ಏನೂ ಹೊರದೇ ಇರೋದನ್ನ ಯಾಕೆ ಸಾಹೇಬ್ರೆ?' ಅಂತ. 'ಸುಮ್ನೆ ಹಾಕು' ಅಂದ್ರು. ಆ ಬಾಯಲ್ಲಿ 'ಸುಮ್ನೆ' ಅನ್ನೋ ಮಾತು ಅದೊಂದೇ ಸಲ ನಾನು ಕೇಳಿದ್ದು." ಮೇಸ್ತ್ರಿ ಎಣ್ಣೆ ಬಟ್ಟಲನ್ನು ಮುಚ್ಚಿದರು. "ಉದ್ಘಾಟನೆ ದಿನ ಭಾಷಣ ಕೇಳಿ ನನಗೆ ಕೆಮ್ಮು ಬಂತು ನೋಡು. ನಿಮ್ಮಜ್ಜಿ ಮಾತ್ರ ಆ ಬೀಮಿನ ಕೆಳಗೇ ಕೂತಿದ್ರು, ರಾಣಿ ಹಾಗೆ."

ನುಣ್ಣನೆಯ ಅರಮನೆ, ಮೂರು ದಿನದ ವಿವರಣೆ, ನಾಲ್ಕನೆಯ ದಿನದ ಕಡ್ಡಿ. ಬಾಲ್ಯದುದ್ದಕ್ಕೂ ಗುಬ್ಬಿ ತಾನೇ ಎಂದುಕೊಂಡಿದ್ದಳು. ಯಾರ ಕಥೆಯನ್ನು ಯಾರಿಗೆ ಹೇಳಿ ಕೂತಿದ್ದಳು ಮುದುಕಿ, ಬೀರುವಿನ ಬಾಗಿಲು ತೆರೆದಿಟ್ಟು!

ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಮೇಜಿನ ಮುಂದೆಯೇ ಇದ್ದರು. ಕಸದ ಬುಟ್ಟಿಯಲ್ಲಿ ಹರಿದ ಹಾಳೆಗಳು ತುಂಬಿದ್ದವು. ಅವಳು ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ನೋಡಿದರು. ಅವಳ ಮುಖ ನೋಡಲಿಲ್ಲ.

"ಮೇಸ್ತ್ರಿ ಹೇಗಿದ್ದಾನೆ?"

"ಮಂಡಿನೋವಂತೆ."

"ಮಾತಾಡಿದ್ನಾ?"

"ಮಾತಾಡಿದ್ರು."

ಮೂರು ವರ್ಷದಿಂದ ಅವಳು ಕಾದಿಟ್ಟಿದ್ದ ಮಾತು ಒಂದೇ ಒಂದು. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಪ್ಪ ಅದಕ್ಕಾಗಿ ಕಾಯುತ್ತಲೂ ಇದ್ದರು; ಇಂಜೆಕ್ಷನ್ನಿಗೆ ತೋಳು ಕೊಟ್ಟವರಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು. ಕತ್ತಿನ ಹಿಂದೆ ಅಂಗಿಯ ಕಾಲರು ಸವೆದಿತ್ತು. ಫೋಟೋಗಳಿದ್ದ ಫೋನು ಅವಳ ಜೋಳಿಗೆಯಲ್ಲಿತ್ತು. ಅವಳು ಅದನ್ನು ತೆಗೆಯಲಿಲ್ಲ.

"ನಾಳೆ ನಮ್ಮ ಇಂಜಿನಿಯರ್ ಸಹಿ ಹಾಕಿಬಿಟ್ರೆ ಮಕ್ಕಳು ಬೀಳ್ತಾರೆ ಅಪ್ಪ," ಎಂದಳು.

"ಗೊತ್ತು. ಬೆಳಿಗ್ಗೆ ನಾನೇ ಬಂದು ಸಮಿತಿಯವರ ಮುಂದೆ ಹೇಳೋಣ ಅಂತಿದ್ದೆ." ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. ಅದರಲ್ಲಿ ಒಂದೇ ವಾಕ್ಯ: ಏಳನೆಯ ತೊಲೆ ಸುಳ್ಳು.

ಉದ್ಘಾಟನೆಯ ಭಾಷಣದ ಹಾಗೆಯೇ, ಒಂದೇ ವಾಕ್ಯ. ಇದೂ ಪಠ್ಯಪುಸ್ತಕ ಸೇರುತ್ತದೆ ಎಂದುಕೊಂಡಳು ಮಗಳು. ಮೊದಲಿನದಕ್ಕಿಂತ ಬೇಗ ಸೇರುತ್ತದೆ.

"ಸುಳ್ಳು ಅಂತ ಬರೀಬೇಡಿ."

"ಮತ್ತೇನು ಬರೀಲಿ? ಅಲಂಕಾರ ಅಂತ ಬರೀಲಾ?" ಊಟದಲ್ಲಿ ಕಲ್ಲು ಕಚ್ಚಿದವರಂತೆ ಅಪ್ಪ ಆ ಪದವನ್ನು ಆಡಿದರು.

"ತೂಕ ಹಾಕಕೂಡದು ಅಂತ ಬರೀರಿ. ಸಮಿತಿಗೆ ಬೇಕಾಗಿರೋದು ಅಷ್ಟೇ. ಅದು ನಿಜಾನೇ ಅಲ್ವಾ?"

"ನಿನ್ನ ಅಟ್ಟ?"

"ಆ ಕಡೆಗೆ ಎರಡು ಕಂಬ ಕೊಡ್ತೀನಿ. ಕೆಳಗಿಂದ."

ಅವರು ನಕ್ಷೆಯನ್ನು ಮತ್ತೆ ಬಿಡಿಸಿದರು. ಗಾಳಿಯಲ್ಲಿ ನಿಂತ ಆ ಮಂಚವನ್ನು ಇಬ್ಬರೂ ನೋಡಿದರು. ಅದಕ್ಕೆ ಕಾಲು ಬಂದರೆ ಯಾವುದು ಹೋಗಿಬಿಡುತ್ತದೆ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೂ ಚೆನ್ನಾಗಿ ತಿಳಿದಿತ್ತು.

"ಹಾರ್ತಿತ್ತು," ಎಂದರು ಅಪ್ಪ.

"ಹೂಂ."

ಅಪ್ಪ ಬಗ್ಗಿ, ಮೇಜಿನ ಅಡಿಯಿಂದ ತಗಡಿನ ಉದ್ದನೆಯ ಕೊಳವೆ ಎಳೆದರು. ಒಳಗಿನ ಮೂಲ ನಕ್ಷೆಗೆ ಯಾವ ಗೆದ್ದಲೂ ತಾಗಿರಲಿಲ್ಲ. ಆರು ತೊಲೆಗಳು, ಆಮೇಲೆ ವಿಶಾಲವಾದ ಖಾಲಿ ಜಾಗ. ಅಲ್ಲಿ ಪೆನ್ಸಿಲಿನಲ್ಲಿ ಪುಟ್ಟದಾಗಿ ಒಂದು ಕುರ್ಚಿ ಬರೆದಿತ್ತು. ಅವಳು ಅಪ್ಪನ ನಕ್ಷೆಗಳಲ್ಲಿ ಎಂದೂ ಕುರ್ಚಿ ಕಂಡಿರಲಿಲ್ಲ. ಇಬ್ಬರೂ ಕೂತು ಎರಡು ಕಂಬದ ಲೆಕ್ಕ ಹಾಕಿದರು. ಅಪ್ಪ ಒಂದು ಕಡೆ ಅವಳ ತಪ್ಪು ಹಿಡಿದರು. ಅವಳು ಒಂದು ಕಡೆ ಅವರದ್ದು. ಮೂರು ವರ್ಷದಲ್ಲಿ ಅಷ್ಟು ಮಾತು ಆ ಮನೆಯಲ್ಲಿ ನಡೆದಿರಲಿಲ್ಲ; ಆದರೆ ಅದರಲ್ಲಿ ಒಂದೂ ಸ್ವಂತದ ಮಾತಾಗಿರಲಿಲ್ಲ.

ಕೊನೆಗೆ ಅವರು ಸೂಚನೆಯ ಚೌಕದಲ್ಲಿ ಬರೆದರು: ಏಳನೆಯ ತೊಲೆ. ತೂಕ ಹಾಕಕೂಡದು. ಸಹಿಗೆಂದು ಪೆನ್ನು ಕೆಳಗಿಳಿಯಿತು, ನಿಂತಿತು, ಮತ್ತೆ ಮೇಲೆ ಬಂತು. ಇನ್ನೊಂದು ಮಾತು ಸೇರಿಸಿದರು: ತೆಗೆಯಕೂಡದು. ಆಮೇಲೆ ಸಹಿ ಹಾಕಿದರು.

ಸೋಮವಾರ ಯಜಮಾನರು, "ಹಾರೋ ಅಟ್ಟ ತೋರ್ಸಿ ನಿಲ್ಲೋ ಅಟ್ಟ ಕೊಡ್ತಿದ್ದೀಯಲ್ಲಮ್ಮ," ಎಂದು ಬೈದರು. ಮುಂದಿನ ದೊಡ್ಡ ಕೆಲಸ ಬೇರೆಯವರಿಗೆ ಹೋಯಿತು. ಸಮಿತಿಯ ಇಂಜಿನಿಯರ್ ಸೂಚನೆಯ ಚೌಕವನ್ನು ಎರಡು ಸಲ ಓದಿದರು.

"ತೂಕ ಹಾಕಬಾರದು, ಸರಿ. ಹೊರಲ್ಲ ಅಂದ್ಮೇಲೆ ತೆಗೆಯಕೂಡದು ಯಾಕೆ?"

"ಮೂಲ ವಿನ್ಯಾಸಕಾರರ ಸೂಚನೆ," ಎಂದಳು ಮಗಳು.

ಐದು ತಿಂಗಳ ನಂತರ ಓದುಕೋಣೆ ಮತ್ತೆ ತೆರೆಯಿತು. ಅಪ್ಪ ಜನ ಕರಗಿದ ಮೇಲೆ ಬಂದರು. ಹಳದಿ ಕಮಾನಿನ ಕೆಳಗೆ, ಮಳೆಯಲ್ಲಿ ಓಡುವವರಂತೆ ತಲೆ ತಗ್ಗಿಸಿ ದಾಟಿದರು. ಮಕ್ಕಳ ಅಟ್ಟದ ಹತ್ತಿರ ನಿಂತರು. ಅಟ್ಟದ ಒಂದು ಬದಿ ಆರನೆಯ ತೊಲೆಯಿಂದ ಇಳಿಬಿದ್ದಿತ್ತು, ಇನ್ನೊಂದು ಬದಿ ಎರಡು ಕಂಬಗಳ ಮೇಲೆ ಕೂತಿತ್ತು. ಕಂಬಗಳಿಗೆ ಕೆಂಪು, ನೀಲಿ ಪಟ್ಟೆ; ತುದಿಯಲ್ಲಿ ಚಿನ್ನದ ಬಣ್ಣದ ಬಳ್ಳಿ, ಯಾವುದೋ ಹಳೆಯ ಕರೆಯೋಲೆಯಿಂದ ಇಳಿಸಿದಂಥದು. ಮೇಲೆ ಮಕ್ಕಳು ಏನನ್ನೋ ಬೀಳಿಸಿ ನಗುತ್ತಿದ್ದವು.

ಅಪ್ಪ ಬೆರಳು ಮಡಿಸಿ ಕಂಬಕ್ಕೆ ಬಡಿದರು. ಟಕ್. ಇನ್ನೊಂದಕ್ಕೆ ಬಡಿದರು. ಟಕ್.

"ಹೊರತ್ತೆ," ಎಂದರು.

"ಹೊರತ್ತೆ ಅಪ್ಪ."

"ಹೊರೋ ಕಂಬಕ್ಕೆ ಬಣ್ಣ ಯಾಕಮ್ಮ ಮತ್ತೆ?"

"ಸುಮ್ನೆ."

ಅಪ್ಪ ಕಪಾಟಿನಿಂದ ಕೈಗೆ ಸಿಕ್ಕ ಪುಸ್ತಕ ತೆಗೆದುಕೊಂಡು, ಏಳನೆಯ ತೊಲೆಯ ಕೆಳಗಿದ್ದ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು.